ಟೈಲರಿಂಗ್ ರೂಮಲ್ಲಿ ಶುರುವಾದ ಹುಡುಗೀರ ಶಾಲೆ: ಕ್ರಾಕೋವ್, 1917

ಹೆಣ್ಣುಮಕ್ಕಳ ಜೊತೆ ಕೆಲಸ ಮಾಡೋ ನಮ್ಮಂಥವ್ರು ಪ್ರತಿ ಮೀಟಿಂಗಲ್ಲೂ ಹೇಳೋ ಒಂದು ಮಾತಿದೆ, ಸಮುದಾಯನ ಒಪ್ಪಿಸಿ ಮಾಡ್ಬೇಕು ಅಂತ. ಸರಿ, ಒಪ್ಪಿಸೋದು ಅಂದ್ರೆ ಯಾರನ್ನ ಒಪ್ಪಿಸೋದು, ಎಷ್ಟು ಒಪ್ಪಿಸಿದ್ರೆ ಸಾಕು, ಯಾವ ಮಾತಲ್ಲಿ ಕೇಳ್ಬೇಕು, ಇದನ್ನ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ನಂಗೆ ಈ ಪ್ರಶ್ನೆಗೆ ಒಂದು ಒಳ್ಳೆ ಉದಾಹರಣೆ ಸಿಕ್ಕಿದ್ದು ಎಲ್ಲೋ ದೂರದ ಪೋಲೆಂಡಲ್ಲಿ, ನೂರು ವರ್ಷದ ಹಿಂದೆ, ಒಬ್ರು ಬಟ್ಟೆ ಹೊಲಿಯೋ ಹೆಂಗಸಿನ ಕಥೇಲಿ. ಹೆಸರು ಸಾರಾ ಶೆನಿರೆರ್. ಕಟ್ಟಾ ಸಂಪ್ರದಾಯದ ಯೆಹೂದಿ ಮನೆ. ಗಂಡನಿಂದ ಬೇರೆ ಆದವ್ರು, ಮಕ್ಕಳಿಲ್ಲ, ಕೈಯಲ್ಲಿ ದೊಡ್ಡ ಡಿಗ್ರಿ ಇಲ್ಲ. ಇವ್ರು ಶುರು ಮಾಡಿದ ಪಾಠ ಹದಿನೆಂಟು ವರ್ಷದಲ್ಲಿ ಪೋಲೆಂಡ್ ಒಂದರಲ್ಲೇ 200ಕ್ಕೂ ಹೆಚ್ಚು ಶಾಲೆ ಆಯ್ತು.

ಇದನ್ನ ಯಶೋಗಾಥೆ ಥರ ಹೇಳೋಕೆ ನಂಗಿಷ್ಟ ಇಲ್ಲ, ಯಾಕಂದ್ರೆ ಇದರಲ್ಲಿ ಮೊದಲನೇ ಪ್ರಯತ್ನ ಸೋತಿದೆ, ಆಮೇಲೆ ಗೆದ್ದಿದ್ದಕ್ಕೂ ಒಂದಿಷ್ಟು ಬೆಲೆ ಕೊಡ್ಬೇಕಾಗಿ ಬಂದಿದೆ. ಅದೂ ಬರ್ಬೇಕು.

ಮೊದಲು ಊರಿನ ಪರಿಸ್ಥಿತಿ

ಕ್ರಾಕೋವ್ ಆಗ ಸ್ವತಂತ್ರ ಪೋಲೆಂಡಲ್ಲಿ ಇರ್ಲಿಲ್ಲ, ಸ್ವತಂತ್ರ ಪೋಲೆಂಡ್ ಅನ್ನೋದೇ ಇರ್ಲಿಲ್ಲ. ಆಸ್ಟ್ರಿಯಾ ಚಕ್ರವರ್ತಿ ಕೆಳಗಿದ್ದ ಗಲೀಷಿಯಾ ಅನ್ನೋ ಪ್ರಾಂತ್ಯ ಅದು. ಆಸ್ಟ್ರಿಯಾದವ್ರು 1869ರಲ್ಲಿ ಒಂದು ಕಾನೂನು ತಂದ್ರು, ಎಲ್ಲ ಮಕ್ಕಳೂ ಶಾಲೆಗೆ ಹೋಗ್ಲೇಬೇಕು ಅಂತ. ಹಸಿದಿ ಪಂಥದ ಯೆಹೂದಿ ಅಪ್ಪಂದಿರಿಗೆ ಇದು ದೊಡ್ಡ ತಲೆನೋವು. ಹಸಿದಿಗಳು ಅಂದ್ರೆ ಒಬ್ಬ ಗುರುವಿನ ಸುತ್ತ ಬದುಕು ಕಟ್ಕೊಂಡವ್ರು, ಆ ಗುರುವಿಗೆ ರೆಬ್ಬೆ ಅಂತಾರೆ, ನಮ್ಮಲ್ಲಿ ಒಂದೊಂದು ಮಠಕ್ಕೆ ನಡ್ಕೊಳ್ಳೋ ಮನೆತನ ಇರುತ್ತಲ್ಲ ಹಾಗೆ. ಗಂಡುಹುಡುಗ್ರು ಸರ್ಕಾರಿ ಶಾಲೆಗೆ ಹೋಗಿ ಪೋಲಿಷ್ ಕಲಿತ್ರೆ ತೋರಾ, ಅಂದ್ರೆ ಯೆಹೂದಿಗಳ ಧರ್ಮಗ್ರಂಥ, ಓದೋರು ಯಾರು? ಅದಕ್ಕೆ ಹೇಗೋ ಮಾಡಿ ಹುಡುಗ್ರನ್ನ ತಪ್ಪಿಸಿ, ಖೇದರ್ ಅಂತ ಕರೀತಿದ್ದ ತಮ್ಮದೇ ಪಾಠಶಾಲೆಗೆ ಹಾಕ್ತಿದ್ರು.

ಹುಡುಗೀರು? ಹುಡುಗೀರನ್ನ ಆರಾಮಾಗಿ ಸರ್ಕಾರಿ ಶಾಲೆಗೆ ಕಳಿಸಿದ್ರು. ಕಾನೂನೂ ಪಾಲಿಸ್ದಂಗಾಯ್ತು, ಧರ್ಮಕ್ಕೂ ನಷ್ಟ ಇಲ್ಲ, ಯಾಕಂದ್ರೆ ಹೆಣ್ಣಿಗೆ ತೋರಾ ಕಲಿಯೋ ಕಡ್ಡಾಯನೇ ಇಲ್ಲ. ಇನ್ನೂ ಹೇಳ್ಬೇಕು ಅಂದ್ರೆ, ಮಗಳಿಗೆ ತೋರಾ ಕಲಿಸೋದು ಕೆಟ್ಟದ್ದನ್ನ ಕಲಿಸಿದಂಗೆ ಅಂತ ತಾಲ್ಮುದಲ್ಲೇ, ಅಂದ್ರೆ ಧರ್ಮನಿಯಮಗಳ ಚರ್ಚೆ ಇರೋ ಹಳೇ ಗ್ರಂಥದಲ್ಲೇ, ಒಬ್ಬ ರಬ್ಬಿಯ, ಅಂದ್ರೆ ಧರ್ಮಪಂಡಿತನ, ಮಾತಿದೆ, ಎಲಿಯೆಜರ್ ಅಂತ. ಅದೇ ಜಾಗದಲ್ಲಿ ಇನ್ನೊಬ್ಬ ರಬ್ಬಿ ಅದಕ್ಕೆ ಉಲ್ಟಾ ಹೇಳಿದಾನೆ, ಆದ್ರೆ ಜನ ಹಿಡ್ಕೊಂಡಿದ್ದು ಮೊದಲನೇದನ್ನ. ಅದೇನೋ ಎಲ್ಲ ಕಡೆನೂ ಹಾಗೇನೇ, ಎರಡು ಮಾತಿದ್ರೆ ಹೆಣ್ಣುಮಕ್ಕಳ ಪಾಲಿಗೆ ಯಾವಾಗ್ಲೂ ಬಿಗಿಯಾಗಿರೋದೇ ಬರುತ್ತೆ.

ಹೀಗಾಗಿ ಒಂದು ವಿಚಿತ್ರ ಆಯ್ತು. ಹುಡುಗೀರು ಓದಿದ್ದು ಯಾರೋ ಅವ್ರನ್ನ ಓದಿಸ್ಬೇಕು ಅಂದ್ಕೊಂಡಿದ್ದಕ್ಕಲ್ಲ, ಅವ್ರ ಬಗ್ಗೆ ಯಾರೂ ಯೋಚ್ನೆ ಮಾಡ್ಲಿಲ್ಲ ಅನ್ನೋ ಕಾರಣಕ್ಕೆ. ಪೋಲಿಷ್ ಚೆನ್ನಾಗಿ ಬಂತು, ಕವಿತೆ, ಕಾದಂಬರಿ, ನಾಟಕದ ರುಚಿ ಹತ್ತಿತು, 1897ರಿಂದ ಕ್ರಾಕೋವ್ ಯೂನಿವರ್ಸಿಟಿಗೆ ಹೆಂಗಸ್ರಿಗೂ ಬಾಗಿಲು ತೆರೀತು, ಇಷ್ಟೆಲ್ಲ ಆಗಿ ಹದಿನಾರು ಹದಿನೇಳಕ್ಕೆ ಮನೇಲಿ ಗಂಡು ನೋಡ್ತಾರೆ, ಆ ಗಂಡು ಪೋಲಿಷ್ ಒಂದು ವಾಕ್ಯ ನೆಟ್ಟಗೆ ಓದಕ್ಕೆ ಬಾರದ, ಬೆಳಗಿಂದ ರಾತ್ರಿ ತನಕ ತಾಲ್ಮುದ್ ಮುಂದೆ ಕೂರೋ ಹುಡುಗ, ಇವಳಿಗೆ ಅವನ ಪುಸ್ತಕ ಗೊತ್ತಿಲ್ಲ ಅವನಿಗೆ ಇವಳ ಪುಸ್ತಕ ಗೊತ್ತಿಲ್ಲ, ಒಂದೇ ಬೀದಿಯಲ್ಲಿ ಬೆಳೆದವ್ರು ಬೇರೆ ಬೇರೆ ದೇಶದವ್ರ ಥರ.

ಇದು ಬರೀ ಮನಸ್ತಾಪದಲ್ಲಿ ನಿಲ್ಲಲಿಲ್ಲ. 1899ರ ಡಿಸೆಂಬರಲ್ಲಿ ಮಿಹಾಲಿನಾ ಅರಾತೆನ್ ಅನ್ನೋ ಹಸಿದಿ ಮನೆ ಹುಡುಗಿ ಕ್ರಾಕೋವಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರಾದ ಫೆಲಿಷಿಯನ್ ಸಿಸ್ಟರ್‌ಗಳ ಕಾನ್ವೆಂಟಿಗೆ ಓಡಿಹೋದ್ಲು. ಅವಳಪ್ಪ ವಿಯೆನ್ನಾವರೆಗೂ ಹೋಗಿ ಚಕ್ರವರ್ತಿ ಫ್ರಾನ್ಸ್ ಜೋಸೆಫನ ಎದುರೇ ನಿಂತು ಮಗಳನ್ನ ವಾಪಸ್ ಕೊಡ್ಸಿ ಅಂತ ಕೇಳ್ಕೊಂಡ. ಪೇಪರಲ್ಲೆಲ್ಲ ದೊಡ್ಡ ಸುದ್ದಿ. ಮತ್ತೆ ಇದು ಒಂದೇ ಕೇಸ್ ಅಲ್ಲ, 1873ರಿಂದ 1914ರ ಒಳಗೆ ಆ ಒಂದು ಕಾನ್ವೆಂಟಿಗೆ ಬಂದ ಯೆಹೂದಿ ಹುಡುಗೀರು 300ಕ್ಕೂ ಹೆಚ್ಚು ಅಂತ ಚರಿತ್ರೆಕಾರರು ದಾಖಲೆ ನೋಡಿ ಲೆಕ್ಕ ಹಾಕಿದಾರೆ.

1903ರಲ್ಲಿ ಅದೇ ಕ್ರಾಕೋವಲ್ಲಿ ರಬ್ಬಿಗಳ ಸಭೆ ಸೇರ್ತು. ಒಬ್ಬ ರಬ್ಬಿ ಎದ್ದು ನಿಂತು ನಮ್ಮ ಹೆಣ್ಣುಮಕ್ಕಳಿಗೂ ನಾವೇ ಶಾಲೆ ಮಾಡ್ಬೇಕು ಅಂದ್ರು. ಸಭೆ ಒಪ್ಲಿಲ್ಲ. ಮನೆ ಹೊತ್ಕೊಂಡು ಉರೀತಿದೆ, ನೀರು ತರೋದು ಸಂಪ್ರದಾಯದಲ್ಲಿದೆಯಾ ಇಲ್ವಾ ಅಂತ ಕೂತು ಚರ್ಚೆ.

ಈಗ ಟೈಲರ್

ಸಾರಾ ಹುಟ್ಟಿದ್ದು 1883ರಲ್ಲಿ, ಇದೇ ಕ್ರಾಕೋವಲ್ಲಿ. ಅಪ್ಪ ವ್ಯಾಪಾರಿ, ಬೆಲ್ಜ್ ಅನ್ನೋ ಊರಿನ ರೆಬ್ಬೆಗೆ ನಡ್ಕೊಳ್ಳೋರು. ಈ ಹುಡುಗಿ ಪೋಲಿಷ್ ಶಾಲೆಗೆ ಹೋದ್ಲು, ದೇವರು ದಿಂಡರು ಅಂತ ಜಾಸ್ತಿ ಇದ್ದಿದ್ದಕ್ಕೆ ಕ್ಲಾಸಲ್ಲಿ ಹುಡುಗೀರು 'ಹಸಿದ್ಕಾ' ಅಂತ ರೇಗಿಸ್ತಿದ್ರು, ಭಕ್ತಮ್ಮ ಅಂದ್ಕೊಳ್ಳಿ. ಮನೇಲಿ ದುಡ್ಡಿರ್ಲಿಲ್ಲ, ಎಳೇ ವಯಸ್ಸಲ್ಲೇ ಓದು ನಿಲ್ಲಿಸಿ ಹೊಲಿಗೆ ಕಲಿತ್ರು. ಹಗಲೆಲ್ಲ ಮಷಿನ್ನು, ರಾತ್ರಿ ಯಿಡ್ಡಿಷ್ ಭಾಷೇಲಿ ಹೆಂಗಸ್ರಿಗೆ ಅಂತ ಇದ್ದ ಧರ್ಮಪುಸ್ತಕಗಳ ಓದು.

ಇವ್ರು ತಮ್ಮ ನೆನಪುಗಳಲ್ಲಿ ಬರ್ಕೊಂಡಿರೋ ಎರಡು ವಿಷಯ ನನ್ನ ತಲೇಲಿ ಕೂತ್ಬಿಟ್ಟಿದೆ. ಒಂದು, ಹಬ್ಬದ ಟೈಮಲ್ಲಿ ರೈಲು ತುಂಬ ಗಂಡಸ್ರು ಬೆಲ್ಜಿಗೆ ಹೊರಡ್ತಾರೆ, ಅಪ್ಪ ಮಗ ಇಬ್ರೂ ರೆಬ್ಬೆ ದರ್ಶನಕ್ಕೆ. ಮನೇಲಿ ಉಳಿಯೋದು ಅಮ್ಮ, ಅಮ್ಮನ ಕೈಯಲ್ಲಿ ಪ್ರಾರ್ಥನೆ ಪುಸ್ತಕ, ಪಕ್ಕದಲ್ಲಿ ಬೇಜಾರು ಹಿಡ್ಕೊಂಡು ಕೂತ ಮಗಳು. ಅಪ್ಪಂಗೆ ಗುರು ಇದಾನೆ, ತಮ್ಮಂಗೆ ಪಾಠಶಾಲೆ ಇದೆ, ಅಮ್ಮಂಗೆ ಅವಳ ಅಮ್ಮ ಕಲಿಸಿಕೊಟ್ಟ ನಂಬಿಕೆ ಇದೆ, ಈ ಹುಡುಗಿಗೆ ಏನಿದೆ? ಎರಡನೇದು, ಹೆಂಗಸ್ರು ಬಟ್ಟೆ ಹೊಲಿಸೋಕೆ ಬಂದಾಗ ಅಳತೆ ಬಗ್ಗೆ ಎಷ್ಟು ಚೌಕಾಸಿ, ಇಲ್ಲಿ ಸ್ವಲ್ಪ ಸಡಿಲ, ಅಲ್ಲಿ ಒಂಚೂರು ಬಿಗಿ, ಈ ಲೇಸು ಬೇಡ ಆ ಲೇಸು. ಮೈಗೆ ಇಷ್ಟು ಯೋಚ್ನೆ ಮಾಡೋರು ಒಳಗಿನ ಆತ್ಮಕ್ಕೆ ಬಟ್ಟೆನೇ ಇಲ್ವಲ್ಲ ಅನ್ನೋದನ್ನ ಯೋಚಿಸಲ್ಲ ಅಂತ ಇವ್ರಿಗೆ ಅನ್ನಿಸ್ತಿತ್ತಂತೆ.

ಎರಡನೇ ಮಾತು ಸ್ವಲ್ಪ ಪ್ರವಚನದ ಥರ ಇದೆ, ನಿಜ. ಆದ್ರೆ ಇದನ್ನ ಬೇಸ್‌ಲೈನ್ ಸರ್ವೆ ಅಂತ, ಅಂದ್ರೆ ಕೆಲಸ ಶುರು ಮಾಡೋ ಮೊದಲು ಪರಿಸ್ಥಿತಿ ತಿಳ್ಕೊಳ್ಳೋ ಸಮೀಕ್ಷೆ ಅಂತ, ಓದಿ ನೋಡಿ. ಟೈಲರ್ ಹತ್ರ ಹೆಂಗಸ್ರು ಏನು ಬೇಕಾದ್ರೂ ಮಾತಾಡ್ತಾರೆ. ಮದುವೆ ಸೀಸನ್ನಲ್ಲಿ ಯಾವ ಮನೇಲಿ ಏನು ನಡೀತಿದೆ ಅಂತ ಟೈಲರ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ರಬ್ಬಿಗಳ ಸಭೆಗೆ ಕಾಣ್ದೇ ಇದ್ದಿದ್ದು ಈಕೆಗೆ ಟೇಪ್ ಹಿಡ್ಕೊಂಡು ನಿಂತಲ್ಲೇ ಕಂಡಿದೆ.

1910ರಲ್ಲಿ ಮದುವೆ ಆಯ್ತು, ಸರಿಹೋಗ್ಲಿಲ್ಲ, ಕೆಲವೇ ವರ್ಷದಲ್ಲಿ ವಿಚ್ಛೇದನ. 1914ರಲ್ಲಿ ಯುದ್ಧ ಶುರುವಾದಾಗ ಸಾವಿರಾರು ಜನರ ಜೊತೆ ಇವ್ರೂ ವಿಯೆನ್ನಾಗೆ ಓಡಿ ಬಂದ್ರು. ಅಲ್ಲಿ ಮನೆ ಹತ್ರದ ಸಿನಗಾಗಲ್ಲಿ, ಅಂದ್ರೆ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ, ಹನುಕ್ಕಾ ಹಬ್ಬದ ಶನಿವಾರ ಫ್ಲೆಶ್ ಅನ್ನೋ ರಬ್ಬಿ ಮಾತಾಡಿದ್ರು, ಯೂದಿತ್ ಅನ್ನೋ ವೀರ ಹೆಂಗಸಿನ ಕಥೆ ತಗೊಂಡು, ಇವತ್ತಿನ ಹೆಣ್ಣುಮಕ್ಕಳಿಗೂ ತಮ್ಮ ಚರಿತ್ರೆ ಗೊತ್ತಿರ್ಬೇಕು ಅಂತ. ಫ್ಲೆಶ್ ಜರ್ಮನಿಯ ಫ್ರಾಂಕ್‌ಫರ್ಟ್ ಕಡೆಯ ಸಂಪ್ರದಾಯದವ್ರು. ಅಲ್ಲಿ ಹಿರ್ಷ್ ಅನ್ನೋ ರಬ್ಬಿ 1853ರಲ್ಲೇ ಶಾಲೆ ಶುರು ಮಾಡಿ ಹುಡುಗೀರಿಗೂ ಹುಡುಗ್ರಿಗೂ ಧರ್ಮ ಮತ್ತೆ ಲೌಕಿಕ ಎರಡನ್ನೂ ಕಲಿಸ್ತಿದ್ರು. ಅಂದ್ರೆ ಮಾದರಿ ಆಗ್ಲೇ ಇತ್ತು, ಅರವತ್ತು ವರ್ಷದಿಂದ ನಡೀತಿತ್ತು. ಗಡಿ ದಾಟಿ ಕ್ರಾಕೋವಿಗೆ ಮಾತ್ರ ಬಂದಿರ್ಲಿಲ್ಲ. ಸಾರಾ ಕೂತ್ಕೊಂಡು ನೋಟ್ಸ್ ಮಾಡ್ಕೊಂಡ್ರು, ಮನಸ್ಸಲ್ಲಿ ಒಂದೇ ಯೋಚ್ನೆ, ಇದನ್ನ ನಮ್ಮೂರಿನ ಹುಡುಗೀರು ಕೇಳೋ ಹಾಗಿದ್ದಿದ್ರೆ.

ಸೋತ ಪ್ರಯತ್ನ

1915ರಲ್ಲಿ ವಾಪಸ್ ಬಂದವ್ರೇ ದೊಡ್ಡ ಹುಡುಗೀರನ್ನ ಸೇರಿಸಿದ್ರು. ಹದಿನೆಂಟು, ಇಪ್ಪತ್ತರ ವಯಸ್ಸಿನೋರು. ಭಾಷಣ ಮಾಡಿದ್ರು, ಲೈಬ್ರರಿ ಶುರು ಮಾಡಿದ್ರು, ಸಂಘ ಕಟ್ಟಿದ್ರು. ಹುಡುಗೀರು ಬಂದ್ರು, ಕೇಳಿದ್ರು, ಭಾಷಣ ಚೆನ್ನಾಗಿದೆ ಅಂತಾನೂ ಅಂದ್ರು. ಆಚಾರ ವಿಚಾರದ ಮಾತು ಬಂದ ತಕ್ಷಣ ಮುಖದಲ್ಲಿ ಒಂದು ನಗು. ಈ ಕಾಲದಲ್ಲಿ ಇದೆಲ್ಲ ಯಾಕೆ ಅನ್ನೋ ನಗು.

ಈ ನಗುವನ್ನ ನಾನು ನೋಡಿದೀನಿ. ಪಿಯುಸಿ ಹುಡುಗೀರಿಗೆ ಅಂತ ಸಂಜೆ ಕ್ಲಾಸ್ ಮಾಡ್ತಿದ್ದಾಗ ಮೊದಲನೇ ವಾರ ಮೂವತ್ತು ಜನ, ಮೂರನೇ ವಾರ ಆರು ಜನ, ಎಲ್ಲರೂ ಸಿಕ್ಕಾಗ ಮಾತ್ರ ಬಹಳ ಪ್ರೀತಿಯಿಂದ 'ಸೂಪರಾಗಿತ್ತು ಮೇಡಂ' ಅಂತಿದ್ರು. ನಾನು ಮಾಡಿದ್ದು ಏನು ಗೊತ್ತಾ, ಟೈಮ್ ಬದಲಾಯಿಸ್ದೆ, ಬಿಸ್ಕೆಟ್ ತರಿಸ್ದೆ. ಸಾರಾ ಮಾಡಿದ್ದು ಬೇರೆ. ಇವ್ರು ವಯಸ್ಸು ಬದಲಾಯಿಸಿದ್ರು. ಇಪ್ಪತ್ತಕ್ಕೆ ಮನಸ್ಸು ಗಟ್ಟಿಯಾಗಿರುತ್ತೆ, ಐದಾರು ವರ್ಷದ ಮಕ್ಕಳಿಂದ ಶುರು ಮಾಡ್ಬೇಕು, ಅಂದ್ರೆ ಸಂಘ ಅಲ್ಲ, ಶಾಲೆ. ಈ ತಿರುವು ಹೊರಗಿಂದ ನೋಡಿದ್ರೆ ಸಣ್ಣದು, ಆದ್ರೆ ಭಾಷಣದಲ್ಲಿ ಚಪ್ಪಾಳೆ ಬೀಳ್ತಿರೋ ಕೆಲಸನ ಕೈಬಿಟ್ಟು ಅಕ್ಷರ ತಿದ್ದಿಸೋ ಕೆಲಸಕ್ಕೆ ಇಳಿಯೋಕೆ ತುಂಬ ಜನಕ್ಕೆ ಆಗಲ್ಲ.

ಎರಡು ಪದದ ಅನುಮತಿ

ಈಗ ಆ ಮೊದಲನೇ ಪ್ರಶ್ನೆ, ಯಾರನ್ನ ಒಪ್ಪಿಸೋದು? ಇವ್ರ ಅಣ್ಣ ಮೊದಲು ನಕ್ಕು, ಸುಮ್ನೆ ರಾಜಕೀಯಕ್ಕೆ ಯಾಕೆ ಸಿಕ್ಕಾಕ್ಕೋತೀಯ ಅನ್ನೋ ಥರ ಮಾತಾಡಿ, ಆಮೇಲೆ ಸರಿ ಬಾ ರೆಬ್ಬೆನೇ ಕೇಳೋಣ ಅಂದ. ಬೆಲ್ಜ್ ರೆಬ್ಬೆ ಇಸ್ಸಾಖರ್ ದೋವ್ ರೊಕೆಯಾಖ್ ಆಗ ಮರಿಯೆನ್‌ಬಾದ್ ಅನ್ನೋ ಊರಲ್ಲಿದ್ರು, ಖನಿಜ ನೀರಿನ ಬುಗ್ಗೆ ಇರೋ, ಆರೋಗ್ಯಕ್ಕೆ ಅಂತ ಹೋಗೋ ಊರು. ಅಣ್ಣ ತಂಗಿ ಇಬ್ರೂ ಹೋದ್ರು. ಅಣ್ಣ ಒಂದು ಚೀಟಿ ಬರೆದುಕೊಟ್ಟ, ನನ್ನ ತಂಗಿ ಯೆಹೂದಿ ಹುಡುಗೀರಿಗೆ ಯೆಹೂದಿ ದಾರೀಲಿ ನಡೆಯೋದನ್ನ ಕಲಿಸ್ಬೇಕು ಅಂತಿದಾಳೆ, ಇಷ್ಟೇ.

ರೆಬ್ಬೆ ಹೇಳಿದ್ದು ಎರಡೇ ಪದ. ಬ್ರಾಖಾ ವೆಹತ್ಸ್‌ಲಾಖಾ. ಆಶೀರ್ವಾದ, ಯಶಸ್ಸು.

ಚೀಟೀಲಿ ಏನಿಲ್ಲ ಅನ್ನೋದನ್ನ ನೋಡಿ. ತೋರಾ ಕಲಿಸ್ತೀನಿ ಅನ್ನೋ ಮಾತಿಲ್ಲ, ಶಾಲೆ ಅನ್ನೋ ಮಾತಿಲ್ಲ, ತಾಲ್ಮುದಿನ ಆ ಹಳೇ ವಾಕ್ಯಕ್ಕೆ ತೀರ್ಪು ಕೊಡಿ ಅಂತ ಕೇಳಿಲ್ಲ. ಅದನ್ನ ಕೇಳಿದ್ರೆ ತೀರ್ಪು ಬರ್ತಿತ್ತು, ತೀರ್ಪು ಬಂದ್ರೆ ಬಹುಶಃ ಬೇಡ ಅಂತಾನೇ ಬರ್ತಿತ್ತು. ಕೇಳಿದ್ದು ಆಶೀರ್ವಾದ, ಯಾವ ಗುರುವೂ ಇಲ್ಲ ಅನ್ನೋಕೆ ಕಷ್ಟ ಆಗೋ ಥರದ್ದು. ಬೇಕಂತ ಲೆಕ್ಕ ಹಾಕಿ ಮಾಡಿದ್ರೋ ಇಲ್ಲ ನಿಜವಾದ ಭಕ್ತಿಯಿಂದ ಕೇಳಿದ್ರೋ? ನಂಗನ್ಸೋದು ಭಕ್ತಿಯಿಂದಾನೇ. ಆದ್ರೆ ವಾಪಸ್ ಬಂದ್ಮೇಲೆ ಆ ಎರಡು ಪದನ ಅಡ್ಡ ಬಂದೋರ ಮುಂದೆಲ್ಲ ಹಿಡಿಯೋಕೆ ಆಯ್ತಲ್ಲ. ಮೀಟರ್ ಬಟ್ಟೇಲಿ ಒಂದು ಇಂಚು ವೇಸ್ಟ್ ಮಾಡದ ಟೈಲರ್ ಥರ ಆ ಅನುಮತಿನ ಪೂರ್ತಿ ಬಳಸ್ಕೊಂಡ್ರು.

1917ರಲ್ಲಿ ಕ್ರಾಕೋವಿನ ಕಾಜಿಮಿಯೆಜ್ ಕೇರಿ, ಸೇಂಟ್ ಕ್ಯಾಥರಿನ್ ಹೆಸರಿನ ರಸ್ತೆ, ತಮ್ಮ ಹೊಲಿಗೆ ಮನೇಲೇ, 25 ಮಕ್ಕಳ ಜೊತೆ ಶಾಲೆ ಶುರು. ಎಷ್ಟೋ ಮಕ್ಕಳು ಇವ್ರ ಹತ್ರ ಬಟ್ಟೆ ಹೊಲಿಸೋ ಗಿರಾಕಿಗಳ ಮಕ್ಕಳೇ. ಹೆಸರು ಆಮೇಲೆ ಬೈಸ್ ಯಾಕೊವ್ ಅಂತ ಆಯ್ತು, ಯಾಕೋಬನ ಮನೆ. ಸುಮ್ನೆ ಇಟ್ಟ ಹೆಸರಲ್ಲ ಅದು. ಸೀನಾಯ್ ಬೆಟ್ಟದ ಪ್ರಸಂಗದಲ್ಲಿ ಯಾಕೋಬನ ಮನೆಯವ್ರಿಗೆ ಹೇಳು ಅಂತ ದೇವರು ಮೋಶೆಗೆ ಅನ್ನೋ ಕಡೆ, ಆ ಮಾತು ಹೆಂಗಸ್ರಿಗೆ ಹೇಳಿದ್ದು ಅಂತ ಹಳೇ ವ್ಯಾಖ್ಯಾನ ಇದೆ. ಅಂದ್ರೆ ತೋರಾ ಸಿಕ್ಕಾಗ ಮೊದಲು ಕೇಳಿಸ್ಕೊಂಡಿದ್ದೇ ಹೆಂಗಸ್ರು. ಬೋರ್ಡಲ್ಲೇ ವಾದ ಮುಗಿಸಿಬಿಟ್ರು ನೋಡಿ.

ಹೇಗೆ ಬೆಳೀತು

ಮಕ್ಕಳು ಜಾಸ್ತಿ ಆದ್ರು, ರೂಮು ಸಾಲ್ಲಿಲ್ಲ, ಟೀಚರ್ ಇಲ್ಲ. ಟೀಚರ್ ಎಲ್ಲಿಂದ ತರೋದು, ಈ ಥರ ಪಾಠ ಕಲಿತ ಹೆಂಗಸ್ರೇ ಇಲ್ವಲ್ಲ ಊರಲ್ಲಿ. ಸಾರಾ ತಮ್ಮ ಹತ್ರ ಇದ್ದ ಸ್ವಲ್ಪ ದೊಡ್ಡ ಹುಡುಗೀರನ್ನೇ ಅಸಿಸ್ಟೆಂಟ್ ಮಾಡ್ಕೊಂಡ್ರು. ಬೇರೆ ಊರಿಂದ ನಮಗೂ ಶಾಲೆ ಬೇಕು ಅಂತ ಕಾಗದ ಬಂದ್ರೆ, ಆ ಹದಿನಾಲ್ಕು ಹದಿನೈದರ ಹುಡುಗೀನ ಕರ್ಕೊಂಡು ತಾವೇ ಹೋಗಿ, ಅಲ್ಲಿನ ತಾಯಂದಿರ ಜೊತೆ ಮಾತಾಡಿ, ಶಾಲೆ ಶುರು ಮಾಡ್ಸಿ, ಹುಡುಗೀನ ಅಲ್ಲೇ ಬಿಟ್ಟು ಬರೋರು. ಈಗ ಯಾರಾದ್ರೂ ಹೀಗೆ ಮಾಡಿದ್ರೆ ನಾವು ಚೈಲ್ಡ್ ಪ್ರೊಟೆಕ್ಷನ್ ಪಾಲಿಸಿ ತೆಗೆದು ಮುಖಕ್ಕೆ ಹಿಡೀತೀವಿ, ತಪ್ಪೇನಿಲ್ಲ. ಆದ್ರೆ ಆ ಹುಡುಗಿ ಕಡೆಯಿಂದ ನೋಡಿ. ಮನೇಲಿದ್ದಿದ್ರೆ ಮದುವೆಗೆ ಕಾಯ್ಕೊಂಡು ಕೂತಿರ್ತಿದ್ಲು. ಇಲ್ಲಿ ಬೇರೆ ಊರಲ್ಲಿ ಟೀಚರಮ್ಮ, ಕೈಯಲ್ಲಿ ಸ್ವಂತ ಸಂಬಳ, ಅವಳಿಗಿಂತ ದೊಡ್ಡೋರು ಕೂಡ ಅವಳ ಮಾತು ಕೇಳ್ತಾರೆ. ಅಪ್ಪ ಬೇಡ ಅನ್ನೋಕೂ ಆಗಲ್ಲ, ಯಾಕಂದ್ರೆ ಅವಳು ಹೋಗಿದ್ದು ಧರ್ಮದ ಕೆಲಸಕ್ಕೆ! ಅವಳನ್ನ ಮನೆಯೊಳಗೆ ಕೂರಿಸಿದ್ದೂ ಧರ್ಮದ ಹೆಸರಲ್ಲೇ, ಈಗ ರೈಲು ಹತ್ತಿಸಿದ್ದೂ ಅದೇ ಹೆಸರಲ್ಲಿ.

ಇನ್ನೊಂದು ಜಾಣತನ, ಬಹಳಷ್ಟು ಕಡೆ ಇದು ಮಧ್ಯಾಹ್ನದ ಮೇಲಿನ ಶಾಲೆ. ಬೆಳಿಗ್ಗೆ ಹುಡುಗೀರು ಮಾಮೂಲಿ ಪೋಲಿಷ್ ಸರ್ಕಾರಿ ಶಾಲೆಗೆ ಹೋಗ್ತಿದ್ರು, ಅದು ಮುಗಿಸ್ಕೊಂಡು ಇಲ್ಲಿಗೆ. ಯಾರೂ ಏನನ್ನೂ ಬಿಡ್ಬೇಕಾಗಿರ್ಲಿಲ್ಲ. ಇಲ್ಲಿ ಪ್ರಾರ್ಥನೆ, ಬೈಬಲ್ಲಿನ ಹೀಬ್ರೂ ಪಾಠ ಅದಕ್ಕೆ ವ್ಯಾಖ್ಯಾನ, ಆಚಾರದ ನಿಯಮ, ಯೆಹೂದಿ ಚರಿತ್ರೆ, ಯಿಡ್ಡಿಷ್. ಮತ್ತೆ ನಾಟಕ, ಹಾಡು, ಕುಣಿತ, ಬೆಟ್ಟಕ್ಕೆ ಟ್ರಿಪ್ಪು. ಸಾರಾ ಖುದ್ದಾಗಿ ನಾಟಕ ಬರೀತಿದ್ರು, ಆ ಯೂದಿತ್ ಕಥೇನೂ ನಾಟಕ ಆಯ್ತು. ನಂಗಂತೂ ಈ ನಾಟಕದ ವಿಷಯ ಪಠ್ಯಕ್ರಮಕ್ಕಿಂತ ಮುಖ್ಯ ಅನ್ಸುತ್ತೆ, ಯಾಕಂದ್ರೆ ಆ ಹುಡುಗೀರಿಗೆ ಮೊದಲು ಬರೀ ಸಿಟಿ ಥಿಯೇಟರ್ ಇತ್ತು, ಅದಕ್ಕೆ ಹೋದ್ರೆ ಮನೇಲಿ ಗಲಾಟೆ, ಈಗ ಹುಡುಗೀರೇ ಪಾತ್ರಧಾರಿಗಳು, ಹುಡುಗೀರೇ ಪ್ರೇಕ್ಷಕರು, ಖಡ್ಗ ಹಿಡಿಯೋ ಹೆಂಗಸೇ ನಾಯಕಿ.

ಇಷ್ಟು ಬೆಳೆದ ಮೇಲೆ ದುಡ್ಡು ಬೇಕಲ್ಲ. 1919ರಲ್ಲಿ ಅಗುದಾಸ್ ಇಸ್ರಾಯೆಲ್ ಅನ್ನೋ ಸಂಪ್ರದಾಯವಾದಿ ಪಕ್ಷದ ಕ್ರಾಕೋವ್ ಶಾಖೆ ಶಾಲೆನ ತನ್ನ ಕೈಗೆ ತಗೊಂಡ್ತು, 1923ರಲ್ಲಿ ವಿಯೆನ್ನಾದ ದೊಡ್ಡ ಸಮಾವೇಶ ಆದ್ಮೇಲೆ ಇಡೀ ಸಂಘಟನೆಯ ಬೆಂಬಲ ಬಂತು. ಲಿಯೋ ಡಾಯ್ಚ್‌ಲೆಂಡರ್ ಅನ್ನೋ ಡಾಕ್ಟರೇಟ್ ಮಾಡಿದ ಶಿಕ್ಷಣತಜ್ಞರು ವಿಯೆನ್ನಾದಲ್ಲಿ ಕೂತು ಫಂಡ್ ತಂದ್ರು, ಸಿಲಬಸ್ ಮಾಡಿದ್ರು, ಟೀಚರ್ ಟ್ರೇನಿಂಗಿಗೆ ಒಂದು ರೂಪ ಕೊಟ್ರು. ಅದೇ ವರ್ಷದಿಂದ ಲೋಡ್ಜ್ ಊರಿಂದ ಒಂದು ಪತ್ರಿಕೇನೂ ಬರೋಕೆ ಶುರುವಾಯ್ತು. ಫ್ರಾಂಕ್‌ಫರ್ಟಿಂದ ಯೂದಿತ್ ರೋಸೆನ್‌ಬೌಮ್ ಅನ್ನೋ ಓದಿದ ಯುವತಿ, ಸ್ವಲ್ಪ ದಿನಕ್ಕೆ ಅಂತ ಬಂದೋರು, ವರ್ಷಗಟ್ಲೆ ಉಳಿದ್ರು. ಬೇಸಿಗೇಲಿ ಯಾವುದಾದ್ರೂ ಹಳ್ಳೀಲಿ ಮನೆ ಹಿಡಿದು ಟ್ರೇನಿಂಗ್ ಕ್ಯಾಂಪ್, ಸರಿಯಾದ ಬೆಂಚೂ ಇಲ್ಲ ಕಪ್ಪು ಹಲಗೇನೂ ಇಲ್ಲ, ನೂರಕ್ಕೂ ಜಾಸ್ತಿ ಹುಡುಗೀರು. ಕ್ರಾಕೋವಲ್ಲಿ ಟೀಚರ್‌ಗಳ ಸೆಮಿನರಿಗೆ, ಅಂದ್ರೆ ಟ್ರೇನಿಂಗ್ ಕಾಲೇಜಿಗೆ, 1927ರಲ್ಲಿ ಅಡಿಗಲ್ಲು ಹಾಕಿ 1931ರಲ್ಲಿ ಸ್ವಂತ ಕಟ್ಟಡ ಆಯ್ತು, ಸ್ತಾನಿಸ್ವಾವಾ ರಸ್ತೇಲಿ. 1935ರ ಹೊತ್ತಿಗೆ ಪೋಲೆಂಡಲ್ಲೇ 200ಕ್ಕೂ ಹೆಚ್ಚು ಶಾಲೆ, 25,000ಕ್ಕೂ ಹೆಚ್ಚು ಹುಡುಗೀರು.

ಇನ್ನು ಶಾಸ್ತ್ರದ ಒಪ್ಪಿಗೆ? ಅದೂ ಬಂತು. ಆ ಕಾಲದ ಅತಿ ದೊಡ್ಡ ಹೆಸರು, ಹಾಫೆತ್ಸ್ ಹಾಯಿಮ್ ಅಂತ ಕರೆಸ್ಕೊಳ್ತಿದ್ದ ವೃದ್ಧ ರಬ್ಬಿ, ಫ್ರಿಶ್ತಾಕ್ ಅನ್ನೋ ಸಣ್ಣ ಊರಿನವ್ರಿಗೆ ಕಾಗದ ಬರೆದು, ಈಗಿನ ಕಾಲದಲ್ಲಿ ಇಂಥ ಶಾಲೆ ಮಾಡೋದು ದೊಡ್ಡ ಪುಣ್ಯ, ಹಳೇ ನಿಷೇಧದ ಬಗ್ಗೆ ಅನುಮಾನ ಇಟ್ಕೋಬೇಡಿ ಅಂದ್ರು. ಯಾವಾಗ ಗೊತ್ತಾ? 1933ರಲ್ಲಿ. ಶಾಲೆ ಶುರುವಾಗಿ ಹದಿನಾರು ವರ್ಷ ಆದ್ಮೇಲೆ. ಸಾರಾ ಅದಕ್ಕೆ ಕಾದು ಕೂತಿದ್ರೆ 25 ಮಕ್ಕಳೂ ಸೇರ್ತಿರ್ಲಿಲ್ಲ. ಆದ್ರೆ ನಿಜ ಹೇಳ್ಬೇಕು, ಆ ಹಿರಿಯರು 1933ಕ್ಕೆ ಮೊದಲೇ ತಮ್ಮ ಬರಹದಲ್ಲಿ ಇದೇ ದಾರಿಯ ವಾದ ಮಾಡಿದ್ರು: ಹಿಂದೆ ಹುಡುಗಿ ಅಪ್ಪ ಅಮ್ಮನ ನೋಡಿ ಕಲೀತಿದ್ಲು, ಈಗ ಆ ಸರಪಳಿ ತುಂಡಾಗಿದೆ, ಅದಕ್ಕೆ ಕಲಿಸಲೇಬೇಕು ಅಂತ. ನಿಯಮ ತಪ್ಪು ಅಂತ ಯಾರೂ ಅನ್ಲಿಲ್ಲ, ಕಾಲ ಬದಲಾಗಿದೆ ಅಂದ್ರು. ನಿಯಮ ಹಾಗೇ ಮರ್ಯಾದೆಯಿಂದ ಗೋಡೆ ಮೇಲೆ ಉಳೀತು, ಹುಡುಗೀರು ಕೆಳಗೆ ಕೂತು ಓದ್ತಾ ಹೋದ್ರು.

ಸಬಲೀಕರಣನಾ ಇದು?

ಈ ಕೇಸ್ ಹೇಳಿದಾಗ್ಲೆಲ್ಲ ಯಾರಾದ್ರೂ ಒಬ್ರು ಕೇಳ್ತಾರೆ, ಹುಡುಗೀರನ್ನ ಮತ್ತೆ ಸಂಪ್ರದಾಯದೊಳಕ್ಕೆ ತಳ್ಳಿದ್ದು ಹೇಗೆ ಸಬಲೀಕರಣ ಆಗುತ್ತೆ ಅಂತ. ನ್ಯಾಯವಾದ ಪ್ರಶ್ನೆ. ಕಾನ್ವೆಂಟಿಗೆ ಓಡಿಹೋದ ಹುಡುಗೀರಲ್ಲಿ ಎಷ್ಟೋ ಜನಕ್ಕೆ ಬೇಕಿದ್ದಿದ್ದು ಓದು, ಬೇಡದ ಮದುವೆಯಿಂದ ಬಿಡುಗಡೆ. ಬೈಸ್ ಯಾಕೊವ್ ಅವ್ರಿಗೆ ಯೂನಿವರ್ಸಿಟಿ ಕೊಡ್ಲಿಲ್ಲ. ತಾಲ್ಮುದಂತೂ ಹುಡುಗೀರಿಗೆ ಕಲಿಸ್ಲೇ ಇಲ್ಲ, ಅದು ಗಂಡಸ್ರದ್ದೇ ಆಗಿ ಉಳೀತು. ಶಾಲೆಯ ಗುರಿ ಹುಡುಗೀರು ಒಳ್ಳೆ ಯೆಹೂದಿ ತಾಯಂದಿರಾಗ್ಲಿ ಅನ್ನೋದೇ, ಅದನ್ನ ಸಾರಾ ಮುಚ್ಚಿಟ್ಟೂ ಇಲ್ಲ. ಇವ್ರನ್ನ ಸ್ತ್ರೀವಾದಿ ಅಂತ ಕರೆದ್ರೆ ಬಹುಶಃ ಇವ್ರೇ ಬೇಜಾರು ಮಾಡ್ಕೊಳ್ತಿದ್ರು.

ಆದ್ರೂ ನಾನು ಹೌದು ಅಂತೀನಿ, ಒಂದು ಕಾರಣಕ್ಕೆ. ಮೊದಲು ಆ ಹುಡುಗಿ ಯಾರ ಲೆಕ್ಕದಲ್ಲೂ ಇರ್ಲಿಲ್ಲ. ಸರ್ಕಾರಿ ಶಾಲೇಲಿ ಅವಳು ಯೆಹೂದಿ, ಮನೇಲಿ ಅವಳು ಬರೀ ಹೆಣ್ಣು. ಇಲ್ಲಿ ಅವಳಿಗೆ ಗೆಳತಿಯರ ಗುಂಪು, ಅವಳದ್ದೇ ಪುಸ್ತಕ, ಪತ್ರಿಕೇಲಿ ಬರೆಯೋ ಅವಕಾಶ, ಟೀಚರ್ ಆಗೋ ದಾರಿ. ಗಂಡಸ್ರಿಗೆ ರೆಬ್ಬೆ ಮನೆ ಇದ್ದಂಗೆ ಇವ್ರಿಗೆ ಸೆಮಿನರಿ ಆಯ್ತು, ಸಾರಾ ಸುತ್ತ ಹುಡುಗೀರು ಕೂತು ಹಾಡೋದು, ಅವ್ರ ಮಾತು ಬರ್ಕೊಳ್ಳೋದು ನೋಡಿದ್ರೆ ಹೆಂಗಸೊಬ್ರು ಹೆಸರಿಡದೇ ರೆಬ್ಬೆ ಆಗಿಬಿಟ್ಟಿದ್ರು.

ನನ್ನ ತಕರಾರು ಇರೋದು ಬೇರೆ ಕಡೆ. ಪಕ್ಷ ಬಂದ್ಮೇಲೆ ಕಮಿಟಿ ಯಾರದ್ದು? ಗಂಡಸ್ರದ್ದು. ಸಮಾವೇಶದಲ್ಲಿ ಮಾತಾಡೋರು ಯಾರು? ಗಂಡಸ್ರು. ಪತ್ರಿಕೆ ಸಂಪಾದಕರೂ ಗಂಡಸೇ. ಸಾರಾ ಅವ್ರನ್ನ 'ಅಮ್ಮ' ಅಂತ ತುಂಬ ಗೌರವದಿಂದ ಕೂರಿಸಿದ್ರು. ಅಮ್ಮ ಅಂತ ಕರೆದು ಬಜೆಟ್ ಮೀಟಿಂಗಿಗೆ ಕರೀದೇ ಇರೋದು ಹೇಗೆ ಅಂತ ಎಲ್ಲ ದೇಶದವ್ರಿಗೂ ಗೊತ್ತಿದೆ. ಆದ್ರೆ ಆ ದುಡ್ಡಿಲ್ಲದೆ 25 ಮಕ್ಕಳು 25 ಸಾವಿರ ಆಗ್ತಿರ್ಲಿಲ್ಲ, ಅದೂ ಅಷ್ಟೇ ನಿಜ. ಇದಕ್ಕೆ ಉತ್ತರ ನನ್ನ ಹತ್ರ ಇಲ್ಲ, ಒಂದೇ ಒಂದು ಗಮನಿಸಿದ್ದು ಹೇಳ್ತೀನಿ: ಲೆಕ್ಕಪತ್ರ, ಕಟ್ಟಡ, ಕಾಗದ ವ್ಯವಹಾರ ಎಲ್ಲ ಕೈಬಿಟ್ರೂ ಒಂದು ವಿಷಯನ ಸಾರಾ ಬಿಡ್ಲಿಲ್ಲ, ಟೀಚರ್ ಹುಡುಗೀರನ್ನ ತಯಾರು ಮಾಡೋದು. ಹುಡುಗೀರು ಊರೂರಿಗೆ ಹೋದ್ಮೇಲೂ ಕಾಗದ ಬರ್ಕೊಂಡು ಅವ್ರ ಜೊತೆ ಸಂಪರ್ಕದಲ್ಲಿದ್ರು.

ಆಮೇಲೆ

1935ರ ಮಾರ್ಚ್ 1ಕ್ಕೆ ಸಾರಾ ತೀರ್ಕೊಂಡ್ರು, ಕಾಯಿಲೆಯಿಂದ, 51 ವರ್ಷ. ಡಾಯ್ಚ್‌ಲೆಂಡರ್ ಕೂಡ ಅದೇ ವರ್ಷ ಹೋದ್ರು. ನಾಲ್ಕೇ ವರ್ಷಕ್ಕೆ ಜರ್ಮನ್ ಸೈನ್ಯ ಕ್ರಾಕೋವಿಗೆ ಬಂತು, 1941ರಲ್ಲಿ ಯೆಹೂದಿಗಳನ್ನ ಘೆಟ್ಟೋ ಅನ್ನೋ ಗೋಡೆ ಕಟ್ಟಿದ ಕೇರಿಯೊಳಗೆ ಕೂಡಿ ಹಾಕಿದ್ರು, 1943ರ ಮಾರ್ಚಲ್ಲಿ ಘೆಟ್ಟೋನೇ ಖಾಲಿ ಮಾಡಿದ್ರು. ಆ ಶಾಲೆಗಳು, ಆ ಟೀಚರ್ ಹುಡುಗೀರು, ಅವ್ರ ಹತ್ರ ಓದ್ತಿದ್ದ ಮಕ್ಕಳು, ಬಹುಪಾಲು ಉಳೀಲಿಲ್ಲ. ಸಾರಾ ಅವ್ರ ಸಮಾಧಿ ಇದ್ದ ಸ್ಮಶಾನದ ಮೇಲೇನೇ ನಾಜಿಗಳು ಪ್ವಾಶೊವ್ ಅನ್ನೋ ಸೆರೆ ಕ್ಯಾಂಪ್ ಕಟ್ಟಿದ್ರು, ಸಮಾಧಿ ಕಲ್ಲುಗಳನ್ನ ಕಿತ್ತು ರಸ್ತೆಗೆ ಹಾಸಿದ್ರು. ಈಗ ಅಲ್ಲಿ ಇವ್ರ ಹೆಸರಿನ ಹೊಸ ಕಲ್ಲು ನಿಲ್ಲಿಸಿದಾರೆ, ಹುಲ್ಲು ಬಯಲಿನ ಮಧ್ಯ.

ಕೇಸ್ ಇಲ್ಲಿಗೆ ಮುಗೀಬೇಕಿತ್ತು, ಮುಗೀಲಿಲ್ಲ, ಯಾಕಂದ್ರೆ ಯುದ್ಧಕ್ಕೆ ಮೊದಲೇ ಇವ್ರ ವಿದ್ಯಾರ್ಥಿನಿ ಒಬ್ರು, ವಿಖ್ನಾ ಕಾಪ್ಲಾನ್, ಅಮೆರಿಕಕ್ಕೆ ಹೋಗಿದ್ರು. ನ್ಯೂಯಾರ್ಕಿನ ಬ್ರೂಕ್ಲಿನಲ್ಲಿ, 1938ರಲ್ಲಿ, ಅವ್ರೂ ಶಾಲೆ ಶುರು ಮಾಡಿದ್ರು. ಕಟ್ಟಡ ಇಲ್ಲ, ಬೆಂಚಿಲ್ಲ, ಬೆರಳಲ್ಲಿ ಎಣಿಸೋಷ್ಟು ಹುಡುಗೀರು. ಮನೆಯ ಊಟದ ಟೇಬಲ್ ಮೇಲಿದ್ದಿದ್ದನ್ನ ಎತ್ತಿಟ್ಟು ಸುತ್ತ ಕೂರಿಸ್ಕೊಂಡ್ರು.